ಬಸ್ ನಿಂತಲ್ಲಿ ಹಸಿವು

1999ರಲ್ಲಿ ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಕೂತರೆ ರೋಗಿಗಳ ಸಾಲು ಕರಗುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ಆ ಸುಸ್ತಿನಲ್ಲಿ ಆಡಿದ ಒಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕೊಟ್ರೇಶ ಖಾಸಗಿ ಬಸ್ಸಿನ ಡ್ರೈವರ್. ನಮ್ಮ ತಾಲ್ಲೂಕಿನ ಅರಸೀಕೆರೆ, ಆಮೇಲೆ ಉಜ್ಜಿನಿ ಮೇಲೆ ಕೊಟ್ಟೂರಿಗೆ ಹೋಗಿ ಬರುವ ಕೆಲಸ. ವಯಸ್ಸು ನಲವತ್ತೊಂದು, ತೂಕ ನೂರಾ ನಾಲ್ಕು ಕೆ.ಜಿ., ಹೊಸದಾಗಿ ಪತ್ತೆಯಾದ ಸಕ್ಕರೆ ಕಾಯಿಲೆ. ದಿನಕ್ಕೆ ಎಷ್ಟು ಸಲ ತಿನ್ನುತ್ತೀ ಎಂದು ಕೇಳಿದರೆ ಬೆರಳು ಮಡಚಿ ಸ್ಟಾಪುಗಳನ್ನು ಎಣಿಸಿದ! ಬಸ್ ನಿಲ್ಲುವ ಹೋಟೆಲಿನವರು ಡ್ರೈವರ್, ಕಂಡಕ್ಟರ್ ಮುಂದೆ ಪುಕ್ಕಟೆ ತಟ್ಟೆ ಇಡುವುದು ರೂಢಿ. ಒಂದು ಕಡೆ ಇಡ್ಲಿ, ಇನ್ನೊಂದು ಕಡೆ ಮಂಡಕ್ಕಿ ಮಿರ್ಚಿ. ತಟ್ಟೆ ಬಂದಲ್ಲೆಲ್ಲ ಇವನು ತಿನ್ನುತ್ತಿದ್ದ.

ಸಕ್ಕರೆ ಇಳಿಸುವ ಮಾತ್ರೆ ಬರೆದೆ. ಅದನ್ನು ನುಂಗಿ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಅದನ್ನು ಬಿಡಿಸಿ ಹೇಳಬೇಕಿತ್ತು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. "ಕಂಡಕಂಡಲ್ಲಿ ತಿನ್ಬ್ಯಾಡಪ್ಪ. ಹಸಿವಾದಾಗ ಅಷ್ಟ ತಿನ್ನು" ಎಂದು ಚೀಟಿ ಕೈಗಿಟ್ಟೆ.

ಐದನೇ ದಿನ ಮಧ್ಯಾಹ್ನ ಕಂಡಕ್ಟರ್ ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಊರು ಎರಡು ಕಿಲೋಮೀಟರ್ ಇರುವಾಗ ಬಸ್ ರಸ್ತೆ ಬಿಟ್ಟು ಮೆಕ್ಕೆಜೋಳದ ಹೊಲಕ್ಕೆ ಇಳಿದಿತ್ತು. ಒಳಗೆ ನಲವತ್ತು ಜನ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಎಪ್ಪತ್ತಕ್ಕಿಂತ ಮೇಲಿರಬೇಕಾದ ಸಕ್ಕರೆ ನಲವತ್ತೆರಡಕ್ಕೆ ಇಳಿದಿತ್ತು. ನರಕ್ಕೆ ಗ್ಲುಕೋಸ್ ಕೊಟ್ಟ ಮೇಲೆ ಮಾತಾಡಿದ.

"ಏನೂ ತಿಂದಿಲ್ಲೇನಪ್ಪ?" ಎಂದೆ.

"ನೀವ ಹೇಳಿದ್ರಲ್ರೀ ಮೇಡಂ, ಹಸಿವಾದ್ರ ತಿನ್ನು ಅಂತ. ಮುಂಜಾನಿಂದ ಕಾದೀನ್ರಿ. ಹಸಿವು ಬರ್ಲೇ ಇಲ್ಲ."

"ಬೆವರು? ಕೈನಡುಕ?"

"ಬೆವರು ಇಂಜಿನ್ ಕಾವಿಗೆ ಅಂದ್ಕಂಡೆ. ನಡುಗೋದು ಸ್ಟೇರಿಂಗು ಅಂದ್ಕಂಡೆ." ನಾಚಿಕೊಂಡು ಕೇಳಿದ: "ಖರೇನ ಕೇಳ್ತೀನ್ರಿ, ಹಸಿವು ಅಂದ್ರ ಹೆಂಗಿರ್ತೈತಿ?"

ಹಸಿವು, ಹೊಟ್ಟೆ ತುಂಬಿದ್ದು, ಎದೆಬಡಿತ, ಹೀಗೆ ಒಳಗಿನ ಸುದ್ದಿಯನ್ನು ಗ್ರಹಿಸುವ ಶಕ್ತಿಗೆ ಇಂಟರೋಸೆಪ್ಷನ್ ಎನ್ನುತ್ತಾರೆಂದು ನಾನು ಓದಿದ್ದು ಬಹಳ ತಡವಾಗಿ. ಕೆಲವರಲ್ಲಿ ಅದು ಮಂದವಾಗಿರುತ್ತದೆ. ಅವರು ಹೊಟ್ಟೆಯ ಮಾತಿಗಿಂತ ಗಡಿಯಾರ, ವಾಸನೆ, ತಟ್ಟೆ ನೋಡಿ ತಿನ್ನುತ್ತಾರೆ. ನಾನು ಅವನಿಗೆ ಬಾಯಿಚಪಲ ಎಂದುಕೊಂಡಿದ್ದೆ.

"ಸ್ಟೇರಿಂಗ್ ಬಿಡ್ಸಬ್ಯಾಡ್ರಿ, ನನಗ ಬ್ಯಾರೆ ಕೆಲಸ ಬರಂಗಿಲ್ಲ" ಎಂದ. ಮಾತ್ರೆ ಕಡಿಮೆ ಮಾಡಿ, ಊಟಕ್ಕೆ ಗಂಟೆ ಗೊತ್ತುಮಾಡಿ, ಎರಡು ತಿಂಗಳು ಬಸ್ ಓಡಿಸಬಾರದೆಂದು ಬರೆದುಕೊಟ್ಟೆ. ಬೇರೆ ದಾರಿ ಇರಲಿಲ್ಲ. ಮಾಲೀಕರು ಎರಡು ವಾರವೂ ಕಾಯಲಿಲ್ಲ, ಬೇರೆ ಡ್ರೈವರ್ ಬಂದ. ಕೊಟ್ರೇಶ ನಿಲ್ದಾಣದಲ್ಲಿ "ಕೊಟ್ಟೂರು, ಕೊಟ್ಟೂರು" ಎಂದು ಜನರನ್ನು ಕೂಗಿ ಬಸ್ ಹತ್ತಿಸುವ ಕೆಲಸಕ್ಕೆ ನಿಂತ. ನನ್ನನ್ನು ಕಂಡರೆ ಕೈ ಮುಗಿಯುತ್ತಿದ್ದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವನನ್ನು ಮನೆಗೆ ಕಳಿಸಿದ ದಿನ ನಾಲ್ಕು ಗಂಟೆಗೆ ಡಬ್ಬಿ ಬಿಚ್ಚಿದೆ. ಅನ್ನ ತಣ್ಣಗಾಗಿತ್ತು. ನನಗೆ ಹಸಿವಾಗಿದೆಯೇ ಎಂದು ಕೇಳಿಕೊಂಡೆ. ಗೊತ್ತಾಗಲಿಲ್ಲ. ಅವನು ಬಸ್ ನಿಂತಿತೆಂದು ತಿನ್ನುತ್ತಿದ್ದ, ನಾನು ಸಾಲು ಮುಗಿಯಿತೆಂದು ತಿನ್ನುತ್ತಿದ್ದೆ.

ಆಮೇಲೆ ಯಾರಿಗೂ ಹಸಿವಾದಾಗ ತಿನ್ನು ಎಂದು ಹೇಳಿ ಕಳಿಸಲಿಲ್ಲ. ನಿನಗೆ ಹಸಿವು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತಿದ್ದೆ, ಹೊರಗೆ ಎಷ್ಟೇ ಜನವಿದ್ದರೂ ಉತ್ತರ ಬರುವವರೆಗೆ ಪೆನ್ನು ಕೆಳಗಿಟ್ಟು ಕೂರುತ್ತಿದ್ದೆ.