ಕಾಲು ಹಿಡಿಯುವವರು ಬೇಕಾಗಿದ್ದಾರೆ

ಓಕ್ಲ್ಯಾಂಡಿಗೆ ಹತ್ತಿರದ ಡಬ್ಲಿನ್ನಿನ ನೆರೆಹೊರೆಯವರಿಗೆಲ್ಲ ಉಮಾಶ್ರೀ ಎಂದರೆ ಗೊಂಬೆ ಆಂಟಿ. ಶನಿವಾರ ಅವಳ ಕಾರು ಓಕ್ಲ್ಯಾಂಡಿನ ದಾರಿ ಹಿಡಿದರೆ ಸಾಕು, ಎದುರುಮನೆ ಶೈಲಜಾ ಶುರು ಮಾಡುತ್ತಿದ್ದಳು: "ಹನ್ನೊಂದು ವರ್ಷದಿಂದ ಬರೀ ಕಾಲಂತೆ ಕಣ್ರೀ. ಅಷ್ಟರಲ್ಲಿ ನಮ್ಮ ತನ್ವಿ ಭರತನಾಟ್ಯದ ಅರಂಗೇಟ್ರಂ ಮುಗಿಸಿ ಕಾಲೇಜಿಗೇ ಹೋದ್ಲು."

ಸುಳ್ಳೇನಲ್ಲ. ಓಕ್ಲ್ಯಾಂಡಿನ ಹಿರೋಕೊ ಅಜ್ಜಿಯ ಆ ಜಪಾನಿ ಗೊಂಬೆಯನ್ನು ಆಡಿಸಲು ಮೂವರು ಬೇಕು. ತಲೆ, ಬಲಗೈ ಅಜ್ಜಿಯದು, ಎಡಗೈ ಕೆಂಜಿ ಮುದುಕನದು, ಕಾಲು ಉಮಾಶ್ರೀಯದು. ಕಲಿಯುವವರು ಕಾಲಿನಿಂದಲೇ ಶುರು ಮಾಡಬೇಕು, ಅದೂ ವರ್ಷಗಟ್ಟಲೆ. ಇದು ಹೆಣ್ಣುಗೊಂಬೆ ಬೇರೆ, ಇದಕ್ಕೆ ಕಾಲೇ ಇಲ್ಲ! ನೆಲಕ್ಕೆ ಬಗ್ಗಿ, ನಿಲುವಂಗಿಯ ಅಂಚನ್ನು ಎರಡು ಮುಷ್ಟಿಯಲ್ಲಿ ಹಿಡಿದು ನಡೆಸಬೇಕು. ಉಮಾಶ್ರೀ ಮುಷ್ಟಿ ಆಡಿಸಿದಳೆಂದರೆ ಯಾರೋ ಹೆಂಗಸು ಅಳು ನುಂಗಿಕೊಂಡು ಮನೆಬಿಟ್ಟು ಹೊರಟಂತೆಯೇ ಕಾಣುತ್ತಿತ್ತು.

ಎಂಬತ್ತಾರು ದಾಟಿದ ಅಜ್ಜಿಯ ಕೈ ನಡುಗತೊಡಗಿತು. ಅಭ್ಯಾಸ ನಡೆಯುತ್ತಿದ್ದ ಅವಳ ಮನೆಯೂ ಮಾರಾಟವಾಯಿತು. ಇನ್ನು ತಲೆ ನಿನಗೆ ಎಂದಳು ಉಮಾಶ್ರೀಗೆ. ಆದರೆ ಮನೆ ಬಿಡುವ ದಿನದೊಳಗೆ ಕಾಲಿಗೊಬ್ಬರನ್ನು ಹುಡುಕಿ ಒಂದು ದೃಶ್ಯ ಆಡಿ ತೋರಿಸಬೇಕು, ಇಲ್ಲದಿದ್ದರೆ ಗೊಂಬೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗೆ.

ಉಮಾಶ್ರೀ ಕೇಳದವರಿಲ್ಲ. ಗೊಂಬೆಯ ಫೋಟೋ ನೋಡಿ ಎಲ್ಲರೂ ಹಿಗ್ಗುವವರೇ, ಎಲ್ಲರಿಗೂ ತಲೆಯೇ ಬೇಕು. ಮೌಂಟನ್ ವ್ಯೂದ ಇಂಜಿನಿಯರ್ ಗುರುಕಿರಣ್ ಒಬ್ಬನೇ ಬಂದ, ಎರಡು ಶನಿವಾರ. ಎರಡನೆಯ ಸಲ ಸೊಂಟ ನೀವಿಕೊಳ್ಳುತ್ತಾ ಎದ್ದ.

"ಆಂಟಿ, ಕಾಲಿಗೊಂದು ಮೋಟರ್ ಹಾಕ್ಬಿಡೋಣ. ತಲೆ ನಾನು ಟ್ರೈ ಮಾಡ್ತೀನಿ."

"ತಲಿ ಹಿಡಿಯಾಕ ನಾನೇ ಹನ್ನೊಂದು ವರ್ಷದಿಂದ ಕಾಯಾಕತ್ತೀನಪಾ," ಎಂದಳು ಬಾಗಲಕೋಟೆಯ ಉಮಾಶ್ರೀ. "ನೀ ಮದ್ಲ ಕುಂದ್ರು."

ಆಮೇಲೆ ಅವನಿಗೆ ಪ್ರತಿ ಶನಿವಾರವೂ ಆಫೀಸಿನಲ್ಲಿ ಏನಾದರೊಂದು ಸಾಫ್ಟ್‌ವೇರ್ ರಿಲೀಸು.

ಕೊನೆಯ ದಿನವೂ ಅವನು ಬರಲಿಲ್ಲ. ಬರಿದಾದ ಹಾಲಿನಲ್ಲಿ ಉಮಾಶ್ರೀ ಮೊದಲ ಸಲ ತಲೆ ಹಿಡಿದು ನಿಂತಳು, ಕೆಂಜಿ ಎಡಗೈ ಹಿಡಿದ. ಮುಖ ಹೊರಳಿತು, ಕೈ ಎದ್ದಿತು, ಕೆಳಗೆ ಅಂಗಿ ಮಾತ್ರ ಒಣಹಾಕಿದ ಬಟ್ಟೆಯಂತೆ ನೇತಾಡಿತು. ಅಜ್ಜಿ ನೋಡುವಷ್ಟು ನೋಡಿ, ಗೋಡೆ ಹಿಡಿದು ತಾನೇ ಕಾಲಿಗೆ ಬಗ್ಗಲು ಹೋದಳು. ಅರ್ಧಕ್ಕೇ ಮಂಡಿ ಕೈಕೊಟ್ಟಿತು. ಉಮಾಶ್ರೀ ಗೊಂಬೆಯನ್ನು ಕೆಂಜಿಯ ತೋಳಿಗೆ ದಾಟಿಸಿ ಓಡಿ ಅವಳನ್ನು ಎತ್ತಿದಳು. ಸಾಕು ಎಂದಳು ಅಜ್ಜಿ. ಗೊಂಬೆಯನ್ನು ಮಲಗಿಸಿ, ಮ್ಯೂಸಿಯಮ್ಮಿಗೆ ಹೋಗುವ ಪೆಟ್ಟಿಗೆಯ ಮುಚ್ಚಳವನ್ನು ಮೂವರೂ ಸೇರಿ ಹಾಕಿದರು.

ಉಮಾಶ್ರೀ ಹೊಸಿಲಲ್ಲಿ ಶೂ ಕಟ್ಟುತ್ತಿದ್ದಾಗ ಫೋನು ಸದ್ದು ಮಾಡಿತು. ಗುರುಕಿರಣ್: ಸಾರಿ ಆಂಟಿ, ಮುಂದಿನ ಶನಿವಾರ ಪಕ್ಕಾ. ಅವಳು ಉತ್ತರ ಬರೆಯತೊಡಗಿದಳು, ಅಳಿಸಿದಳು, ಫೋನನ್ನು ಚೀಲಕ್ಕೆ ತುರುಕಿದಳು. ಮನೆ ಕೊಂಡವರು ಆಗಲೇ ಅಳತೆಪಟ್ಟಿ ಹಿಡಿದು ಒಳಗೆ ಬರುತ್ತಿದ್ದರು. ಅವರಿಗೆ ದಾರಿ ಬಿಟ್ಟು, ಮೆಟ್ಟಿಲಿಳಿದು ಕಾರಿನ ಕಡೆ ನಡೆದಳು.