ಪಕ್ಕದ ಮನೆಯ ಗೋಡೆ

ಶಹಾಪುರದಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಮಾತಾಡುವಾಗಲೂ ಅಂಗೈಯನ್ನು ಯಾವುದಾದರೊಂದು ಗೋಡೆಯ ಮೇಲೆ ಇಟ್ಟಿರುತ್ತಿದ್ದ. ಯಾವ ಕೆಲಸ ಹೇಳಿದರೂ ಮೊದಲು, "ಬಾಜೂ ಮನಿಯವರಿಗಿ ಕೇಳೀರೇನ್ರಿ?" ಎನ್ನುತ್ತಿದ್ದ.

ಪಕ್ಕದಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಮಣ್ಣಿನ ಮನೆಯಿತ್ತು. ಅಗೆಯುವಾಗ ನೆರೆಯ ಗೋಡೆಗೆ ಆಧಾರ ಕೊಡಬೇಕು, ನೀರು ಅತ್ತ ಹರಿಯಬಾರದು ಎಂಬ ಷರತ್ತು ನಮ್ಮ ಪರವಾನಗಿ ಪತ್ರದಲ್ಲೇ ಇತ್ತು. ನಾನು ಓದದೆ ಸಹಿ ಹಾಕಿದ್ದೆ. ಗೌಂಡಿ ದೋರನಹಳ್ಳಿಗೆ ಹೋಗಿದ್ದ ದಿನ, ಜೆಸಿಬಿ ಸಿಕ್ಕಿತೆಂದು ಆಕೆಯ ಗೋಡೆಯ ಬುಡದವರೆಗೂ ಪಾಯ ತೋಡಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಮೋಡ ಕವಿಯಿತು. ದೋರನಹಳ್ಳಿಯಿಂದ ಮರಳಿದ ಗೌಂಡಿ ಗುಂಡಿಗಿಳಿದು ಗೋಡೆಯ ಬುಡ ಮುಟ್ಟಿದ. ಮಣ್ಣು ಉದುರಿತು. ನನ್ನನ್ನು ಬೈಯದೆ ನೇರ ಆಕೆಯ ಮನೆಗೆ ಹೋದ.

"ಅಕ್ಕಾ, ಮಕ್ಕಳನ್ನ ಕರಕೊಂಡು ಹೊರಗ ಬರ್ರಿ."

"ಒಂದ್ ಜಂಪರ್ ಹೊಲಿಯೋದು ಉಳದದ. ಮುಗಿಸಿ ಬರ್ತೀನಿ."

"ಮಷೀನ್ ನಾ ತರ್ತೀನಿ. ಈಗ ನಡೀರಿ."

ಆಕೆ ಮಕ್ಕಳೊಂದಿಗೆ ಹೊರಬಂದಳು. ಹೊಲಿಗೆ ಯಂತ್ರ ಹೊತ್ತು ಆತ ಹೊಸ್ತಿಲು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಗೌಂಡಿಯೂ ನಾನೂ ಚೀಲಗಳಿಗೆ ಮಣ್ಣು ತುಂಬಿ ಗೋಡೆಗೆ ಒಟ್ಟಿದೆವು, ನೀರು ರಸ್ತೆಯ ಚರಂಡಿಗೆ ಹೋಗಲೆಂದು ಕಾಲುವೆ ತೋಡಿದೆವು. ಅರ್ಧ ತಾಸಿನಲ್ಲಿ ಗೋಡೆ ನಮ್ಮ ಗುಂಡಿಯೊಳಗೇ ಕುಸಿಯಿತು. ಅದೃಷ್ಟಕ್ಕೆ ನಾವು ಆಗಷ್ಟೇ ಮೇಲೆ ಬಂದಿದ್ದೆವು.

"ನಿಮ್ಮ ಮನಿ ಸಲುವಾಗಿ ನಮ್ಮದು ಬಿತ್ತಲ್ರಿ," ಎಂದಳು ಆಕೆ, ದನಿ ಏರಿಸದೆ.

ಮಳೆ ನಿಂತ ಬೆಳಿಗ್ಗೆ ಗೌಂಡಿ ನಮ್ಮ ಕಲ್ಲು, ನಮ್ಮ ಸಿಮೆಂಟು ಹೊತ್ತುಕೊಂಡು ಹೋಗಿ ಆಕೆಯ ಗೋಡೆ ಕಟ್ಟಲು ಶುರುಮಾಡಿದ. ನಾನು ಕಲ್ಲು ಎತ್ತಿಕೊಟ್ಟೆ. ಆ ಗೋಡೆ ಎದ್ದು, ಇನ್ನೊಂದು ಮಳೆ ತಡೆದುಕೊಂಡ ಮೇಲೆಯೇ ಆತ ನಮ್ಮ ಪಾಯಕ್ಕೆ ಮೊದಲ ಕಲ್ಲು ಇಟ್ಟ.