ಕಿರುಬೆರಳಿನ ಮದರಂಗಿ

ರಾಯಬಾಗದ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ಪ್ರತಿ ಸೋಮವಾರ ಮಕ್ಕಳ ಉಗುರು ನೋಡುತ್ತಿದ್ದರು. ಬೆಳೆದಿದ್ದರೆ ತಾವೇ ಕತ್ತರಿಸುತ್ತಿದ್ದರು. ಭೂಫಲಕಗಳ ಪಾಠಕ್ಕೂ ಅವರಿಗೆ ಉಗುರೇ ಬೇಕು. ಪಂಚಮಿಗೆ ಮದರಂಗಿ ಹಚ್ಚಿದ ಬೆರಳೆತ್ತಿ ತೋರಿಸುವರು.

“ಉಗುರು ಬೆಳದಂಗ ಈ ಕೆಂಪು ಮುಂದ ಸರೀತೈತಿ. ನಮ್ಮ ಕಾಲ ಕೆಳಗಿನ ನೆಲಾನೂ ಇಷ್ಟ ಸಾವಕಾಶ ಸರಿಯಾಕತ್ತೈತಿ. ನಿಂತಂಗ ಕಾಣತೈತಿ, ನಿಂತಿಲ್ಲ.”

ಮಂಗಳ ಗ್ರಹದ ನೆಲ ಹೀಗೆ ಸರಿಯುವುದಿಲ್ಲ, ಇದ್ದಲ್ಲೇ ಇರುತ್ತದೆ ಎಂದೂ ಹೇಳುವರು. ಗಣಿತ ಕಲಿಸುವ ನಾನು ಯಾವನೋ ದಡ್ಡನ ಬಗ್ಗೆ ಗೊಣಗಿದರೆ ನನಗೂ ಅದೇ ಮಾತು: “ನಿಂತಂಗ ಕಾಣತಾನ್ರಿ ಸರ, ನಿಂತಿಲ್ಲ.”

ಹೋದ ವರ್ಷ ಪಂಚಮಿಗೆ ಅವರ ಕೈಗೆ ಮದರಂಗಿ ಹಚ್ಚಿದ್ದು ಅವರ ಮಗಳು. ಶ್ರಾವಣ ಮುಗಿಯುವುದರೊಳಗೆ ಆ ಹುಡುಗಿ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಅಕ್ಕೋರು ಮತ್ತೆ ಶಾಲೆಗೆ ಬಂದರು. ಪಾಠ ಮಾಡಿದರು. ಸೋಮವಾರ ಉಗುರು ನೋಡುವುದನ್ನೂ ಬಿಡಲಿಲ್ಲ.

ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ಓಡಾಡತೊಡಗಿದಾಗ ಅವರ ಕೈಯಲ್ಲಿ ಕಿರುಬೆರಳಿನ ಉಗುರೊಂದು ಮಾತ್ರ ಉದ್ದ ಬೆಳೆದಿತ್ತು. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಉಳಿದಿತ್ತು. ಉಗುರು ತೋರಿಸಲು ಬಂದ ಹುಡುಗಿಯೊಬ್ಬಳು ಅದನ್ನು ಕಂಡಳು.

“ಅಕ್ಕೋರ, ನಿಮ್ದೂ ಬೆಳದೈತ್ರಿ. ತಗೀರಿ.”

ಅಕ್ಕೋರು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

“ಹೌದವ್ವಾ,” ಎಂದರು. “ಮಂಗಳದಾಗಾದ್ರ ಇದ್ದಲ್ಲೇ ಇರ್ತಿತ್ತು.”